ತೂಮಾಜನ ಹಾಡೂ ರಸಿಕರ ಆಕ್ಷೇಪವೂ

ರಾಗವಿಲ್ಲದೆ, ಆಲಾಪವಿಲ್ಲದೆ, ತಾಳಕ್ಕೆ ಸರಿಯಾಗಿ ಮಾತನ್ನು ಹೆಣೆದು ನುಡಿಯುವ ರ‍್ಯಾಪ್ ಎಂಬ ಪದ್ಧತಿಯು ಸಂಗೀತವೂ ಅಲ್ಲ, ಕಾವ್ಯವೂ ಅಲ್ಲ, ಬರಿಯ ಕೂಗಾಟವೆಂದು ಹೇಳುವ ರಸಿಕರು ಬಹುಮಂದಿ ಇರುವರು. ಅವರು ಇರಾನ್ ದೇಶದ ತೂಮಾಜ್ ಸಾಲೆಹಿಯ ವೃತ್ತಾಂತವನ್ನು ಅವಲೋಕಿಸುವುದು ಲೇಸು. ಹಾಫಿಜನೂ ಸಾದಿಯೂ ಹುಟ್ಟಿದ ನಾಡಿಗೆ ಛಂದಸ್ಸಿನ ಅರಿವಿಲ್ಲವೆಂದು ಯಾರೂ ಹೇಳಲಾರರಷ್ಟೆ!

ಈತನು ಇಸ್ಫಹಾನ್ ಪ್ರಾಂತದವನು. ಲೋಹದ ಕೆಲಸದಿಂದ ಜೀವನ ಸಾಗಿಸಿದವನು. ಆ ದೇಶದಲ್ಲಿ ಹಾಡನ್ನು ಪ್ರಕಟಿಸಲು ಸರ್ಕಾರದ ಅನುಮತಿ ಬೇಕು. ಇಂತಹ ಹಾಡಿಗೆ ಅದು ದೊರೆಯುವುದೆಂತು? ಅಂತರಜಾಲದ ಮೂಲಕವೇ ಅವು ಜನರ ಕಿವಿಯನ್ನು ಸೇರಿದುವು. 2021ರಲ್ಲಿ ಹೊರಬಂದ, ‘ಇಲಿಯ ಬಿಲ’ ಎಂಬರ್ಥದ ಹೆಸರುಳ್ಳ ಹಾಡು, ಅನ್ಯಾಯವನ್ನು ಕಂಡೂ ಕಾಣದಂತಿದ್ದ ಪತ್ರಕರ್ತರೂ ಕಲಾವಿದರೂ ಅಡಗಲು ಬಿಲವನ್ನು ಹುಡುಕಿಕೊಳ್ಳಲೆಂದು ಮೂದಲಿಸಿತು. ಆ ಮೂದಲೆಯು ಅಧಿಕಾರಾರೂಢರಿಗೆ ಮಾತ್ರವಲ್ಲದೆ ಕಲಾವಿದರಿಗೂ ತಗುಲಿದುದನ್ನು ರಸಿಕರು ವಿಶೇಷವಾಗಿ ಗಮನಿಸತಕ್ಕದ್ದು.

ತಲೆವಸ್ತ್ರದ ನಿಯಮವನ್ನು ಮೀರಿದಳೆಂದು ಹಿಡಿಯಲ್ಪಟ್ಟ 22 ವರ್ಷದ ಮಹ್ಸಾ ಅಮೀನಿಯು 2022ರ ಸೆಪ್ಟೆಂಬರ್ 16ರಂದು ತೆಹರಾನಿನಲ್ಲಿ ಮಡಿದಳು. ಹಳೆಯ ರೋಗವೇ ಕಾರಣವೆಂದು ಸರ್ಕಾರವು ಸಾಧಿಸಿತು. ವಶದಲ್ಲಿದ್ದಾಗ ನಡೆದ ಹಿಂಸೆಯಿಂದಲೇ ಮರಣವಾಯಿತೆಂದು ವಿಶ್ವಸಂಸ್ಥೆಯ ಶೋಧನ ಮಂಡಲಿಯು 2024ರಲ್ಲಿ ನಿರ್ಣಯಿಸಿತು. ದೇಶಕ್ಕೆ ದೇಶವೇ ಬೀದಿಗಿಳಿಯಿತು. ತೂಮಾಜನು ಹಾಡಿದನು, ಬೀದಿಗೂ ಇಳಿದನು. ಅಕ್ಟೋಬರಿನಲ್ಲಿ ಸೆರೆ ಸಿಕ್ಕಿದನು. 2023ರ ಜುಲೈಯಲ್ಲಿ 6 ವರ್ಷ 3 ತಿಂಗಳ ಸಜೆ, ನವೆಂಬರಿನಲ್ಲಿ ಜಾಮೀನು. ತಾನು ಪಟ್ಟ ಚಿತ್ರಹಿಂಸೆಯನ್ನು ಬಹಿರಂಗಪಡಿಸಿದ ಮೇಲೆ, ಅದೇ ತಿಂಗಳು ಮರಳಿ ಬಂಧನ. 2024ರ ಏಪ್ರಿಲಿನಲ್ಲಿ ಇಸ್ಫಹಾನಿನ ಕ್ರಾಂತಿ ನ್ಯಾಯಾಲಯವು ಈತನಿಗೆ ಮರಣದಂಡನೆಯನ್ನೇ ವಿಧಿಸಿತು! ಕೂಗಾಟಕ್ಕೆ ನೇಣೆ?

ಆದರೆ, ನೇಣು ಸಮೀಪಿಸಿತೆಂಬ ಮಾತ್ರಕ್ಕೆ ಹಾಡನ್ನು ಕೊಂಡಾಡುವವರ ವಾದವೂ ನಿಲ್ಲದು. ಕವಿಯ ಸಂಕಟವು ಕಾವ್ಯದ ಗುಣವಲ್ಲ. ಗುಣವಿರುವುದು ಪದ್ಧತಿಯಲ್ಲಿಯೇ. ಆಲಾಪವು ಶೋಕವನ್ನು ಸವಿಯಾಗಿಸುವುದು. ಕೇಳುವವನು ಕಣ್ಣೊರಸಿಕೊಂಡು, ತಲೆದೂಗಿ, ಮನೆಗೆ ಹೋಗುವನು. ರ‍್ಯಾಪಿನಲ್ಲಿ ಆ ಸುಖಕ್ಕೆ ಎಡೆಯಿಲ್ಲ. ಕೂಲಿ, ಹಸಿವು, ಲಂಚ, ಸೆರೆಮನೆ, ಇವುಗಳ ಹೆಸರು ಒಂದರ ಮೇಲೊಂದು ಬಂದು ಬಡಿಯುವುವು. ವಾದ್ಯವಿಲ್ಲದವನೂ ಅದನ್ನು ಬೀದಿಯಲ್ಲಿ ಮರಳಿ ನುಡಿಯಬಲ್ಲನು. ಗದ್ಯವೋ ಪದ್ಯವೋ ಎಂಬ ಜಿಜ್ಞಾಸೆ ತೀರುವವರೆಗೆ ವಚನಗಳನ್ನು ಹೊಸ್ತಿಲಾಚೆ ನಿಲ್ಲಿಸದಿದ್ದ ಕನ್ನಡಿಗರಿಗೆ ಇದು ತಿಳಿಯಲಾಗದ ಸಂಗತಿಯೇ?

ಜೂನ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ದಂಡನೆಯನ್ನು ರದ್ದುಪಡಿಸಿತು. ಡಿಸೆಂಬರ್ 1ರಂದು ತೂಮಾಜನು ಸೆರೆಯಿಂದ ಹೊರಬಂದನು. ಇಷ್ಟು ವಿಚಾರಣೆಗಳಲ್ಲಿ ಹಾಡಿಗೆ ರಾಗವಿಲ್ಲವೆಂಬ ಆಪಾದನೆಯನ್ನು ಮಾತ್ರ ಆ ದೇಶದ ಯಾವ ನ್ಯಾಯಾಧೀಶನೂ ಹೊರಿಸಿದಂತೆ ಕಾಣುವುದಿಲ್ಲ.