ಕೇಳುವ ಕಿವಿ

ವಿಜಯಪುರದ ಗೋಳಗುಮ್ಮಟವನ್ನು ನೋಡಬಂದವರು ಮೆಟ್ಟಿಲೇರಿ, ಒಳಸುತ್ತಿನ ಮೊಗಸಾಲೆಯಲ್ಲಿ ನಿಂತು, ಗೋಡೆಯ ಬಳಿ ಪಿಸುಗುಟ್ಟುತ್ತಾರೆ. ಸುಮಾರು 38 ಮೀಟರು ಆಚೆ ಎದುರುಗೋಡೆಗೆ ಕಿವಿಗೊಟ್ಟವನಿಗೆ ಆ ಮಾತು ಕೇಳುತ್ತದೆ. ಕೂಗಿದರೆ ಅದೇ ಕೂಗು ಹಲವು ಬಾರಿ ಮರುದನಿಗೊಡುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯು ಅದ್ಭುತವೇ ಸರಿ. ಆದರೆ ಕಲ್ಲು ನಮ್ಮ ಮಾತನ್ನೇ ನಮಗೆ ಹಿಂದಿರುಗಿಸುತ್ತದೆ, "ಆಮೇಲೇನಾಯಿತು?" ಎಂದು ಕೇಳಲಾರದು. ದುಃಖಿತರಿಗೆ ಬೇಕಾದುದು ಕೇಳುವ ಕಿವಿ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ತಿಕೋಟಾ, ಬಬಲೇಶ್ವರಗಳ ಸುತ್ತಣ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ನೆರೆಯವರೇ ಬುತ್ತಿ ತರುತ್ತಾರೆ. ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಪಟ್ಟ ಪಾಡು, ಬಿಟ್ಟುಹೋದ ಮಕ್ಕಳ ಗತಿ ಎಲ್ಲವೂ ಆ ಅಳುವಿನಲ್ಲಿ ಮಾತಾಗಿ ಹೊರಬರುತ್ತವೆ. ಸುತ್ತ ಕುಳಿತವರು ತಡೆಯುವುದಿಲ್ಲ, ಕೇಳುತ್ತಾರೆ. ಅಕ್ಷರವರಿಯದವರೆಂದು ನಾವು ಕಡೆಗಣಿಸುವ ಜನ ಕಂಡುಕೊಂಡ ಮದ್ದಿದು.

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವಿಟ್ಟಾಗ ವಿಜಯಪುರಕ್ಕೆ ಜನಸಾಗರವೇ ಹರಿದುಬಂದಿತು. ಊರಿಗೆ ಊರೇ ಅಳುವಾಗ ಯಾರ ಅಳುವೂ ಒಂಟಿಯಲ್ಲ. ಒಂದೇ ಮನೆಯೊಳಗೆ ಉಳಿಯುವ ದುಃಖದ ಪಾಡು ಬೇರೆ. ದಿನಕಾರ್ಯ ಮುಗಿದೊಡನೆ ಬಂದವರು ಹೊರಡುತ್ತಾರೆ. ಮಕ್ಕಳು ದುಡಿಮೆಗೆಂದು ಪುಣೆಗೋ ಬೆಂಗಳೂರಿಗೋ ಮರಳುತ್ತಾರೆ. ಬುತ್ತಿ ಬರುವುದು ನಿಂತ ದಿನವೇ ಒಂಟಿತನವು ತೊಡಗುತ್ತದೆ. ನಾವು ಹೋಗಬೇಕಾದುದು ಆಗ.

ಹೋದಾಗಲೂ ನಾವು ಹಲವು ವೇಳೆ ತಪ್ಪುತ್ತೇವೆ. "ಆದದ್ದಾಯಿತು, ಮರೆತುಬಿಡು" ಎಂದು ನೊಂದವರ ಬಾಯಿ ಮುಚ್ಚಿಸುತ್ತೇವೆ. ಅವರ ಕಣ್ಣೀರನ್ನು ನೋಡಲು ನಮಗೇ ಧೈರ್ಯವಿಲ್ಲದುದರಿಂದ ಹುಟ್ಟುವ ಮಾತದು. ಕಿವಿಗೊಡುವುದಕ್ಕೆ ಹಣ ಬೇಡ, ಪಾಂಡಿತ್ಯವೂ ಬೇಡ, ತಾಳ್ಮೆಯೊಂದಿದ್ದರೆ ಸಾಕು. ಹೇಳಿದುದನ್ನೇ ಮತ್ತೆ ಹೇಳಿದರೂ ಕೇಳಬೇಕು. ಕೇಳಿದ ಮಾತ್ರಕ್ಕೆ ಸತ್ತವರು ಮರಳಿ ಬರುವರೇ ಎಂದು ಕೆಲವರು ಕೇಳಬಹುದು. ಬರುವುದಿಲ್ಲ, ನಿಜ. ಹೊರೆಯೂ ಇಳಿಯಲಿಕ್ಕಿಲ್ಲ. ಆದರೆ ಅದನ್ನು ಹೊರಲು ಇನ್ನೊಂದು ಹೆಗಲು ದೊರೆಯುತ್ತದೆ.

ವಿದ್ಯಾರ್ಥಿಗಳೇ, ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಗೆಳೆಯನು ನಿಮ್ಮ ತರಗತಿಗೆ ಮರಳಿ ಬಂದರೆ, ಏನು ಹೇಳಬೇಕೆಂದು ತಿಳಿಯದೆ ದೂರ ಸರಿಯಬೇಡಿರಿ. ಏನನ್ನೂ ಹೇಳಬೇಕಾಗಿಲ್ಲ. ಅವನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಇಂದಲ್ಲದಿದ್ದರೆ ನಾಳೆ ಅವನೇ ಮಾತನಾಡುವನು. ಆಗ ಕೇಳಿರಿ.