ಹನ್ನೆರಡು ಜನ, ಎರಡು ದಿನ: ಚೀಲದಲ್ಲಿ ಏನಿರಬೇಕು?

ಪರೀಕ್ಷೆ ಮುಗಿಯಿತು. ಯುಗಾದಿಯ ಬೇವು-ಬೆಲ್ಲವೂ ಆಯಿತು. ಹೊಂಗೆ ಚಿಗುರಿದೆ, ಮಾವಿನ ಮರದಲ್ಲಿ ಮಿಡಿ ತೂಗುತ್ತಿದೆ. ಚಿಕ್ಕಪ್ಪ ಫೋನ್ ಮಾಡಿ, "ಈ ಶನಿವಾರ, ಭಾನುವಾರ ಎಲ್ಲರೂ ಸೇರಿ ಎಲ್ಲಾದರೂ ಹೋಗಿ ಬರೋಣವೇ?" ಎಂದು ಕೇಳುವ ಕಾಲ ಇದು. ಮಕ್ಕಳು ಕುಣಿಯುತ್ತಾರೆ. ಅಮ್ಮ ಅಟ್ಟದ ಮೇಲಿನ ಬ್ಯಾಗು ಇಳಿಸುತ್ತಾರೆ. ಅಜ್ಜಿ ಮಾತ್ರ ಮೆಲ್ಲಗೆ, "ನೀವೆಲ್ಲ ಹೋಗಿ ಬನ್ರಪ್ಪ, ನಾನು ಮನೆ ನೋಡಿಕೊಂಡಿರ್ತೀನಿ" ಎನ್ನುತ್ತಾರೆ.

ಮಕ್ಕಳೇ, ಈ ಮಾತನ್ನು ನೀವೂ ಕೇಳಿರಬಹುದು. ಅಜ್ಜಿಗೆ ಬರುವ ಆಸೆ ಇರುತ್ತದೆ. ಆದರೆ ನೆಲದ ಮೇಲೆ ಕೂತರೆ ಏಳಲು ಕಷ್ಟ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಅಳುಕು. ಮಾತ್ರೆಯ ಹೊತ್ತು ತಪ್ಪಿದರೆ ಎಂಬ ಚಿಂತೆ. ತನ್ನಿಂದ ಉಳಿದವರ ಸಂತೋಷ ಕೆಡಬಾರದು ಎಂಬ ಸಂಕೋಚ. ಇದನ್ನೆಲ್ಲ ಹಿರಿಯರು ಬಾಯಿಬಿಟ್ಟು ಹೇಳುವುದು ಕಡಿಮೆ. ಆದರೆ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ತೊಡಕನ್ನು ನಾವು ಕಟ್ಟಿಕೊಳ್ಳುವ ಗಂಟಿನಿಂದಲೇ ಬಿಡಿಸಬಹುದು. ಈ ವಾರ ಅದನ್ನೇ ನೋಡೋಣ.

ಮಾತು ಸುಲಭವಾಗಲೆಂದು ಒಂದು ಊರನ್ನು ಇಟ್ಟುಕೊಳ್ಳೋಣ. ಮೈಸೂರಿನ ಒಂದು ದೊಡ್ಡ ಕುಟುಂಬ. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಸೇರಿ ಹನ್ನೆರಡು ಜನ. ಶನಿವಾರ ಬೆಳಿಗ್ಗೆ ಹೊರಟು ಮೇಲುಕೋಟೆ ನೋಡಿ, ರಾತ್ರಿ ಅಲ್ಲೇ ಉಳಿದು, ಭಾನುವಾರ ಸಂಜೆಗೆ ಮನೆ ಸೇರುವ ಲೆಕ್ಕ. ಮಂಡ್ಯ ಜಿಲ್ಲೆಯ ಈ ಊರು ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಚೆಲುವನಾರಾಯಣ ಸ್ವಾಮಿಯ ಗುಡಿ, ಕಲ್ಯಾಣಿ, ಅಕ್ಕ-ತಂಗಿ ಕೊಳ, ಪೂರ್ತಿಯಾಗದೆ ನಿಂತ ರಾಯಗೋಪುರ, ಬೆಟ್ಟದ ಮೇಲೆ ಯೋಗಾನರಸಿಂಹ ಸ್ವಾಮಿಯ ಗುಡಿ ಎಲ್ಲವೂ ಹತ್ತಿರ ಹತ್ತಿರವೇ ಇವೆ. ವೈರಮುಡಿ ಉತ್ಸವದ ಹೊತ್ತಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆರಾಮವಾಗಿ ಸುತ್ತಾಡಬೇಕೆಂದರೆ ಆ ದಿನಗಳನ್ನು ಬಿಟ್ಟು ಹೋಗುವುದು ಒಳ್ಳೆಯದು.

ಮೊದಲು ಹೆಸರು, ಆಮೇಲೆ ಸಾಮಾನು

ಎಲ್ಲರೂ ಪಟ್ಟಿ ಬರೆಯುವುದು ಸಾಮಾನಿನಿಂದ: ಬಟ್ಟೆ, ಸೋಪು, ಬ್ರಷ್ಷು, ಚಾರ್ಜರ್. ನೀವು ಹೆಸರಿನಿಂದ ಶುರು ಮಾಡಿ. ಒಂದು ಹಾಳೆಯ ಎಡಗಡೆ ಹನ್ನೆರಡೂ ಜನರ ಹೆಸರು ಬರೆಯಿರಿ. ಪ್ರತಿ ಹೆಸರಿನ ಎದುರು, ಅವರೊಬ್ಬರಿಗೇ ಬೇಕಾದ, ಬೇರೆಯವರ ಹತ್ತಿರ ಸಿಗದ ವಸ್ತು ಯಾವುದೆಂದು ಕೇಳಿ ಬರೆದುಕೊಳ್ಳಿ.

ಅಜ್ಜನ ಎದುರು ಓದುವ ಕನ್ನಡಕ, ಊರುಗೋಲು, ಕಿವಿಯ ಯಂತ್ರದ ಬ್ಯಾಟರಿ. ಅಜ್ಜಿಯ ಎದುರು ಮಡಚುವ ಕುರ್ಚಿ. ಬಸ್ಸಿನಲ್ಲಿ ವಾಂತಿಯಾಗುವ ತಂಗಿಯ ಎದುರು ನಿಂಬೆಹಣ್ಣು, ಕಾಗದದ ಚೀಲ. ಎರಡು ವರ್ಷದ ಪುಟ್ಟನ ಎದುರು ನಾಲ್ಕು ಜೊತೆ ಹೆಚ್ಚಿನ ಬಟ್ಟೆ ಮತ್ತು ಅವನು ತಬ್ಬಿಕೊಂಡು ಮಲಗುವ ಹಳೇ ದುಪಟ್ಟಿ. ಸೋಪು ಮರೆತರೆ ಅಂಗಡಿಯಲ್ಲಿ ಕೊಳ್ಳಬಹುದು. ಪುಟ್ಟನ ದುಪಟ್ಟಿ ಯಾವ ಅಂಗಡಿಯಲ್ಲೂ ಸಿಗದು. ಅದು ಮರೆತರೆ ರಾತ್ರಿಯೆಲ್ಲ ಹನ್ನೆರಡು ಜನಕ್ಕೂ ಜಾಗರಣೆ.

ಮಡಚುವ ಕುರ್ಚಿಯನ್ನು "ಅಷ್ಟು ದೊಡ್ಡದು ಯಾಕೆ?" ಎಂದು ಬಿಡಬೇಡಿ. ಎಲ್ಲರೂ ಜಮಖಾನ ಹಾಸಿ ಕೂತಾಗ ಅಜ್ಜಿ ದೂರದ ಕಟ್ಟೆಯ ಮೇಲೆ ಒಬ್ಬರೇ ಕೂರುವುದಕ್ಕೂ, ಜಮಖಾನದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮಾತಿಗೆ ಸೇರುವುದಕ್ಕೂ ಬಹಳ ವ್ಯತ್ಯಾಸವಿದೆ. ಹಾಗೆಯೇ ಒಂದು ಚೊಂಬು, ಸೋಪು, ಒಣ ಟವಲ್ಲು, ಟಾರ್ಚು ಇರುವ ಪುಟ್ಟ ಚೀಲವೊಂದು ಕೈಗೆ ಸಿಗುವಂತಿರಲಿ. ಶೌಚಾಲಯಕ್ಕೆ ಹೋಗಬೇಕಾದವರು ಯಾರನ್ನೂ ಕೇಳದೆ ಅದನ್ನೆತ್ತಿಕೊಂಡು ಹೋಗಬಹುದು. ದಾರಿಯಲ್ಲಿ ಗಂಟೆ, ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸುತ್ತೇವೆಂದು ಹೊರಡುವ ಮೊದಲೇ ಹೇಳಿಬಿಡಿ. ಶೌಚಾಲಯಕ್ಕೆ ಹೆದರಿ ನೀರು ಕುಡಿಯದೆ ಕೂರುವ ಹಿರಿಯರು ಎಷ್ಟೋ ಮಂದಿ. ಬಿಸಿಲಿನಲ್ಲಿ ಅದು ಅಪಾಯ.

ಮಾತ್ರೆ ಡಬ್ಬಿಗೆ ಒಂದು ದಿನ ಹೆಚ್ಚು

ಎರಡು ದಿನದ ಪ್ರವಾಸಕ್ಕೆ ಮೂರು ದಿನದ ಮಾತ್ರೆ ಇರಲಿ. ಗಾಡಿ ಕೆಟ್ಟರೂ ಮಾತ್ರೆ ತಪ್ಪುವುದಿಲ್ಲ. ಬಿಡಿಮಾತ್ರೆಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಹೆಸರು, ಅವಧಿ ಕಾಣುವಂತೆ ಸ್ಟ್ರಿಪ್ಪಿನಲ್ಲೇ ಇರಲಿ. ವೈದ್ಯರ ಚೀಟಿಯ ಫೋಟೋ ಇಬ್ಬರ ಫೋನಿನಲ್ಲಾದರೂ ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದನ್ನು ನಿಲ್ಲಿಸಿದ ಕಾರಿನೊಳಗೆ ಬಿಡಲೇಬಾರದು. ಬಿಸಿಲಲ್ಲಿ ಕಾರು ಕುಲುಮೆಯಂತೆ ಕಾಯುತ್ತದೆ. ಐಸಿಗೆ ನೇರವಾಗಿ ತಾಗುವಂತೆಯೂ ಇಡಬಾರದು, ಹೆಪ್ಪುಗಟ್ಟಿದರೆ ಔಷಧ ಕೆಡುತ್ತದೆ. ತಂಪು ಚೀಲದಲ್ಲಿ ಬಟ್ಟೆ ಸುತ್ತಿ ಇಡಿ.

ಎಲ್ಲರಿಗೂ ಸೇರಿದ ಔಷಧದ ಚೀಲದಲ್ಲಿ ಹತ್ತಿ, ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಮುಲಾಮು, ಜ್ವರದ ಮಾತ್ರೆ, ಓಆರ್‌ಎಸ್ ಪೊಟ್ಟಣ ಸಾಕು. ಪೊಟ್ಟಣ ಮುಗಿದರೆ ಮನೆಯ ಲೆಕ್ಕವೂ ಇದೆ: ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಸಮ ಟೀಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಮಕ್ಕಳೇ, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆ.

ನೀರಿನ ಲೆಕ್ಕ

ವಸಂತ ಎಂದರೆ ಪುಸ್ತಕದಲ್ಲಿ ಹೂವು, ಕೋಗಿಲೆ. ನಮ್ಮ ಬಯಲುಸೀಮೆಯಲ್ಲಿ ಬೆಳಗಿನ ತಂಪು ಹತ್ತು ಗಂಟೆಗೆ ಮುಗಿದು, ಮಧ್ಯಾಹ್ನ ಕಲ್ಲು ಕಾಯುವ ಕಾಲವೂ ಅದೇ. ಒಬ್ಬರಿಗೆ ದಿನಕ್ಕೆ ಎರಡು ಲೀಟರ್ ಕುಡಿಯುವ ನೀರು ಎಂದರೂ ಹನ್ನೆರಡು ಜನಕ್ಕೆ 24 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಅಂದರೆ 24 ಕಿಲೋ! ಇದನ್ನು ಒಬ್ಬರೇ ಹೊರಲಾಗದು. ಆದ್ದರಿಂದ 20 ಲೀಟರಿನ ಒಂದು ಕ್ಯಾನು ಗಾಡಿಯಲ್ಲಿರಲಿ. ಪ್ರತಿಯೊಬ್ಬರ ಕೈಯಲ್ಲಿ ಅವರದೇ ಒಂದು ಬಾಟಲಿ ಇರಲಿ, ಖಾಲಿಯಾದಾಗ ಕ್ಯಾನಿನಿಂದ ತುಂಬಿಸಿಕೊಳ್ಳಲಿ.

ಜೊತೆಗೆ ಒಂದು ಡಬ್ಬಿ ಪಾನಕದ ಪುಡಿ ಮಾಡಿಕೊಳ್ಳಿ. ಪುಡಿ ಬೆಲ್ಲ, ಏಲಕ್ಕಿ, ಶುಂಠಿಪುಡಿ, ಚಿಟಿಕೆ ಉಪ್ಪು ಬೆರೆಸಿಟ್ಟರೆ ಆಯಿತು. ಅಲ್ಲಿ ನೀರಿಗೆ ಹಾಕಿ ನಿಂಬೆಹಣ್ಣು ಹಿಂಡಿದರೆ ರಾಮನವಮಿಯ ಪಾನಕವೇ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಉಪ್ಪು, ಇಂಗು ಹಾಕಿದ ನೀರುಮಜ್ಜಿಗೆ ಬೇರೆ ಇರಲಿ.

ಬಿಸಿಲು ತಾಳುವ ಬುತ್ತಿ

ಅಜ್ಜಿಯರೇ, ಇಲ್ಲಿ ನೀವೇ ಮೇಷ್ಟ್ರು. ಸೆಖೆಯಲ್ಲಿ ಯಾವುದು ಕೆಡುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ನಿಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಮೊಮ್ಮಕ್ಕಳನ್ನು ಅಡುಗೆಮನೆಗೆ ಕರೆದು ಹೇಳಿಕೊಡಿ.

ಹಸಿ ತೆಂಗಿನತುರಿ ಬಿದ್ದದ್ದು ಬೇಗ ಹಳಸುತ್ತದೆ, ಹಾಗಾಗಿ ಚಿತ್ರಾನ್ನಕ್ಕೆ ಕಾಯಿ ಬೇಡ. ನಿಂಬೆರಸ, ಕಡಲೆಕಾಯಿಬೀಜ ಸಾಕು. ಪುಳಿಯೋಗರೆಯ ಗೊಜ್ಜು ಹುಣಿಸೆಹುಳಿ, ಎಳ್ಳೆಣ್ಣೆಯ ಬಲದಿಂದ ನಿಲ್ಲುತ್ತದೆ. ಪುಳಿಯೋಗರೆಗೆ ಹೆಸರಾದ ಊರು ಮೇಲುಕೋಟೆ, ಅಲ್ಲಿಗೇ ಮನೆಯಿಂದ ಹೊತ್ತು ಹೋಗಬೇಕೇ ಎಂದು ಅಜ್ಜ ನಗಬಹುದು. ಒಂದು ಹೊತ್ತು ಮನೆಯದು, ಇನ್ನೊಂದು ಹೊತ್ತು ಊರಿನದು ತಿಂದು, ಯಾವುದು ರುಚಿ ಎಂದು ಮಕ್ಕಳು ತೀರ್ಪು ಕೊಡಲಿ. ಮೊಸರನ್ನಕ್ಕೆ ಹಳೆಯ ಉಪಾಯ ಗೊತ್ತಲ್ಲ: ಮೆತ್ತಗೆ ಮಾಡಿದ ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಬೆರೆಸಿ, ಒಂದೆರಡು ಚಮಚ ಮೊಸರು ಹಾಕಿ ಕಲಸಿಟ್ಟರೆ ಊಟದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತದೆ.

ಅನ್ನ ಬಿಸಿಯಾಗಿದ್ದಾಗ ಡಬ್ಬಿಯ ಮುಚ್ಚಳ ಹಾಕಬೇಡಿ. ಒಳಗೆ ಬೆವರಿ ಬೇಗ ಕೆಡುತ್ತದೆ. ಹರಡಿ ಆರಿಸಿ ತುಂಬಿ. ಬೆಳಿಗ್ಗೆ ಕಲಸಿದ್ದನ್ನು ಅದೇ ಮಧ್ಯಾಹ್ನ ಮುಗಿಸಿಬಿಡಿ, ರಾತ್ರಿಗೆ ಉಳಿಸಬೇಡಿ. ಎರಡನೆಯ ದಿನಕ್ಕೆ ಒಣ ತಿಂಡಿಯೇ ಸರಿ: ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಚಕ್ಕುಲಿ, ಬಾಳೆಹಣ್ಣು.

ತಟ್ಟೆ, ಲೋಟ ಮನೆಯ ಸ್ಟೀಲಿನದೇ ಒಯ್ಯಿರಿ. ಇಲ್ಲವಾದರೆ ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ಇವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಕಸ ತುಂಬಿಕೊಂಡು ಮನೆಗೆ ತರಲು ಒಂದು ಗಟ್ಟಿ ಚೀಲ ಇರಲೇಬೇಕು.

ಬಟ್ಟೆ ಕಡಿಮೆ, ಕೊಡೆ ಕಡ್ಡಾಯ

ಎರಡು ಜೊತೆ ಹತ್ತಿಯ ಬಟ್ಟೆ, ಒಂದು ಟವಲ್ಲು, ಬೆಳಗಿನ ತಂಪಿಗೆ ತೆಳು ಶಾಲು, ಬಿಸಿಲಿಗೆ ಟೋಪಿ. ಏಪ್ರಿಲ್ ನಡುವಿನಿಂದ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ ಮಳೆ. ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿಯಬಹುದು. ಕೊಡೆ ಬಿಸಿಲಿಗೂ ಆಯಿತು, ಮಳೆಗೂ ಆಯಿತು. ಆದರೆ ಗುಡುಗು, ಸಿಡಿಲು ಶುರುವಾದರೆ ಬಯಲಿನಲ್ಲಿ ಕೊಡೆ ಹಿಡಿದು ನಿಲ್ಲಬೇಡಿ, ಮರದಡಿಗೂ ಹೋಗಬೇಡಿ. ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ.

ಇನ್ನೊಂದು ಸಣ್ಣ ವಸ್ತು: ಹತ್ತಿಯ ಕಾಲುಚೀಲ. ಗುಡಿಯ ಮುಂದೆ ಚಪ್ಪಲಿ ಬಿಟ್ಟಮೇಲೆ ಕಾದ ಹಾಸುಗಲ್ಲು ಅಂಗಾಲು ಸುಡುತ್ತದೆ. ಹಿರಿಯರ ಕಾಲಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಸುಟ್ಟದ್ದು ಕೂಡಲೇ ಗೊತ್ತಾಗದೆಯೂ ಇರಬಹುದು. ಬೆಟ್ಟದ ಮೆಟ್ಟಿಲನ್ನು ಬಿಸಿಲೇರುವ ಮೊದಲೇ ಹತ್ತಿ ಇಳಿಯಿರಿ. ಹತ್ತಲಾಗದವರು ಕಲ್ಯಾಣಿಯ ಹತ್ತಿರ ನೆರಳಲ್ಲಿ ಕೂರಲಿ, ಅವರ ಜೊತೆ ಒಬ್ಬ ಮೊಮ್ಮಗನೋ ಮೊಮ್ಮಗಳೋ ಇರಲಿ.

ಚೀಲದಲ್ಲಿ ಇರಬಾರದ್ದು

ಬೆಂಕಿಪೊಟ್ಟಣ ಬೇಡ. ಮೇಲುಕೋಟೆಯ ಸುತ್ತಲ ಕಾಡು ವನ್ಯಜೀವಿಧಾಮ. ಈ ಕಾಲದಲ್ಲಿ ಹುಲ್ಲು, ತರಗೆಲೆ ಒಣಗಿ ಕೂತಿರುತ್ತವೆ, ಒಂದು ಕಿಡಿ ಸಾಕು. ಹೊಗೆ ಎದ್ದರೆ ಹೆಜ್ಜೇನೂ ಏಳುತ್ತದೆ. ಬಂಡೆ, ಗೋಪುರ, ಎತ್ತರದ ಮರಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಗೂಡು ಕಂಡರೆ ಕಲ್ಲು ಎಸೆಯದೆ, ಕೂಗಾಡದೆ ದೂರ ಸರಿಯಿರಿ. ಘಮ್ಮೆನ್ನುವ ಸೆಂಟೂ ಮನೆಯಲ್ಲೇ ಇರಲಿ.

ಪರಪರ ಸದ್ದು ಮಾಡುವ ಕವರು ಕೈಯಲ್ಲಿ ಬೇಡ. ಕವರೆಂದರೆ ತಿಂಡಿ ಎಂದು ಕೋತಿಗಳಿಗೆ ಗೊತ್ತು. ತಿನ್ನುವುದೆಲ್ಲ ಡಬ್ಬಿಯಲ್ಲಿ, ಡಬ್ಬಿ ಜಿಪ್ಪಿರುವ ಚೀಲದಲ್ಲಿ. ಬೆಲೆಬಾಳುವ ಒಡವೆ ಹಾಕಿಕೊಂಡು ಬಂದು ದಿನವಿಡೀ ಕತ್ತು ಮುಟ್ಟಿ ನೋಡಿಕೊಳ್ಳುವುದೂ ಬೇಡ.

ಆಟಕ್ಕೆ ಅಂಗೈಯಷ್ಟು ಜಾಗ

ಸಂಜೆ ಎಲ್ಲರೂ ಒಂದೊಂದು ಫೋನು ಹಿಡಿದು ಕೂತರೆ ಹನ್ನೆರಡು ಜನ ಸೇರಿದ್ದೇಕೆ? ಹಳೆಯ ಬಟ್ಟೆಯ ಮೇಲೆ ಐದಕ್ಕೈದು, ಒಟ್ಟು 25 ಮನೆಗಳ ಚೌಕಾಬಾರ ಬರೆದುಕೊಳ್ಳಿ. ನಾಲ್ಕು ಕವಡೆ, ಬಳೆಚೂರಿನ ಕಾಯಿ ಅದರಲ್ಲೇ ಸುತ್ತಿಡಿ. ಹಳೆಯ ಗುಡಿಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೀಚಬಾರದು, ಅದಕ್ಕೇ ಬಟ್ಟೆ. ಅಳಿಗುಳಿಮಣೆ ಭಾರವಾದರೆ ಹುಣಿಸೆಬೀಜ ಮಾತ್ರ ಒಯ್ಯಿರಿ. 14 ಕುಳಿಗೆ ಐದೈದರಂತೆ 70 ಬೀಜ, ಕುಳಿ ಮಣ್ಣಿನಲ್ಲೇ ಮಾಡಿಕೊಳ್ಳಬಹುದು. ಈ ಆಟಗಳಲ್ಲಿ ಮಂಡಿನೋವು ಅಡ್ಡಬರುವುದಿಲ್ಲ. ಅಜ್ಜಿಯೇ ಗೆಲ್ಲುವ ಸಂಭವ ಹೆಚ್ಚು.

ಯಾರ ಹೊರೆ ಯಾರಿಗೆ?

ಶಾಲೆಯ ಚೀಲ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಪ್ರವಾಸಕ್ಕೂ ಅದೇ ಲೆಕ್ಕ ಹಿಡಿಯೋಣ. 30 ಕಿಲೋ ತೂಗುವ ಹುಡುಗಿಯ ಬೆನ್ನಿಗೆ ಮೂರು ಕಿಲೋ. ಅಷ್ಟರಲ್ಲಿ ತನ್ನ ಬಟ್ಟೆ, ತನ್ನ ತಟ್ಟೆ, ತನ್ನ ನೀರು ಹಿಡಿಯುತ್ತದೆ. ಪ್ರತಿ ಪುಟ್ಟ ಮಗುವಿನ ಜೇಬಿನಲ್ಲಿ ಅಪ್ಪ ಅಮ್ಮನ ಫೋನ್ ನಂಬರು ಬರೆದ ಚೀಟಿ ಇರಲಿ.

ಹಿರಿಯರೇ, ನಿಮ್ಮಲ್ಲಿ ಒಂದು ಕೋರಿಕೆ. ಮೊಮ್ಮಕ್ಕಳು ಹಾಳೆ ಹಿಡಿದು "ನಿಮಗೇನು ಬೇಕು ಅಜ್ಜಿ?" ಎಂದು ಕೇಳಿದಾಗ "ನನಗೇನೂ ಬೇಡಪ್ಪ" ಎನ್ನಬೇಡಿ. ಕುರ್ಚಿ ಬೇಕಿದ್ದರೆ ಕುರ್ಚಿ ಎನ್ನಿ, ರಾತ್ರಿ ದೀಪ ಬೇಕಿದ್ದರೆ ದೀಪ ಎನ್ನಿ. ನೀವು ಹೇಳಿದರೆ ಅವರು ಕಲಿಯುತ್ತಾರೆ. ನಾಳೆ ಇನ್ನೊಬ್ಬರ ಕಷ್ಟ ಕೇಳಿ ತಿಳಿಯುವ ಅಭ್ಯಾಸ ಶುರುವಾಗುವುದು ಇಲ್ಲಿಂದಲೇ.

ಈ ವಾರದ ಕೆಲಸ

ಮಕ್ಕಳೇ, ಹಾಳೆ ತೆಗೆಯಿರಿ. ಮನೆಯ ಎಲ್ಲರ ಹೆಸರು ಬರೆಯಿರಿ. ಒಬ್ಬೊಬ್ಬರ ಹತ್ತಿರವೂ ಐದು ನಿಮಿಷ ಕೂತು, ಅವರಿಗೇ ಬೇಕಾದ ಒಂದು ವಸ್ತುವನ್ನು ಕೇಳಿ ಬರೆದುಕೊಳ್ಳಿ. ಹೊರಡುವಾಗ ಒಂದು ಸಲ, ವಾಪಸು ಬರುವಾಗ ಒಂದು ಸಲ ಅದೇ ಹಾಳೆ ನೋಡಿ ಗುರುತು ಹಾಕಿ. ಮನೆಗೆ ಬಂದಮೇಲೆ, ಯಾವುದು ಉಪಯೋಗಕ್ಕೆ ಬರಲಿಲ್ಲ, ಯಾವುದು ಬೇಕಿತ್ತು ಎಂದು ಕೆಳಗೆ ಬರೆದು ಬೀರುವಿನಲ್ಲಿ ಇಟ್ಟುಬಿಡಿ. ದಸರಾ ರಜೆಗೆ ಮತ್ತೆ ಬೇಕಾಗುತ್ತದೆ.