ಅರವತ್ತು ಯೂನಿಟ್ಟುಗಳ ಆಚೆ

ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ ಡೆಲಾನೊ ಎಂಬ ಊರಿದೆ. ಸುತ್ತ ದ್ರಾಕ್ಷಿ ತೋಟಗಳು. 1965ರ ಸೆಪ್ಟೆಂಬರ್ 8ರಂದು ಅಲ್ಲಿ ಫಿಲಿಪ್ಪೀನ್ಸ್ ಮೂಲದ ಕೂಲಿಗಳು ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದಲ್ಲಿ ಕೆಲಸ ನಿಲ್ಲಿಸಿದರು. ಎಂಟು ದಿನದ ಮೇಲೆ ಸೀಸರ್ ಚಾವೆಜ್ ಅವರ ಸಂಘದ ಮೆಕ್ಸಿಕನ್ ಮೂಲದ ಕೂಲಿಗಳು ಅವರ ಜೊತೆ ನಿಲ್ಲಲು ತೀರ್ಮಾನಿಸಿದರು. ಮುಷ್ಕರ 1970ರವರೆಗೂ ನಡೆಯಿತು. ಅದೇ ಊರಿನಲ್ಲಿ ಇಂದು ಬೇಕರ್ಸ್‌ಫೀಲ್ಡ್ ಕಾಲೇಜಿನ ಒಂದು ಶಾಖೆ ಇದೆ; ಅದು ಕಮ್ಯೂನಿಟಿ ಕಾಲೇಜು, ಅಂದರೆ ಪದವಿಯ ಮೊದಲ ಎರಡು ವರ್ಷದ ಪಾಠ ಕಲಿಸುವ ಕಾಲೇಜು. ಅಲ್ಲಿ ಅಮೆರಿಕದ ಇತಿಹಾಸ ಓದಲು ಕೂತ ಹುಡುಗಿಯೊಬ್ಬಳ ಅಜ್ಜಿ ಆ ಮುಷ್ಕರದಲ್ಲಿ ನಿಂತವಳೇ ಇರಬಹುದು. ಪಠ್ಯಪುಸ್ತಕದಲ್ಲಿ ಅವಳಿಗೆ ಸಿಗುವುದು ಬಹುಮಟ್ಟಿಗೆ ಚಾವೆಜ್ ಹೆಸರಿರುವ ಒಂದು ಪ್ಯಾರಾ. ಅವಳು ಅದನ್ನು ಓದುತ್ತಾಳೆ, ಪರೀಕ್ಷೆ ಬರೆಯುತ್ತಾಳೆ, ಮೂರು ಯೂನಿಟ್ಟು, ಅಂದರೆ ಕ್ರೆಡಿಟ್ಟು, ಗಳಿಸುತ್ತಾಳೆ. ಎರಡು ವರ್ಷದ ಬಳಿಕ ಅವಳು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಟ್ರಾನ್ಸ್‌ಫರ್ ಆದಾಗ ಆ ಯೂನಿಟ್ಟುಗಳೂ ಜೊತೆಗೆ ಹೋಗುತ್ತವೆ. ನನ್ನನ್ನು ಕಾಡುವ ಪ್ರಶ್ನೆ, ಇತಿಹಾಸದ ಓದು ಅಷ್ಟರಿಂದಲೇ ಅವಳ ಜೊತೆಗೆ ಹೋದಂತಾಯಿತೇ ಎಂಬುದು.

ಪದವಿಯನ್ನು ನಟ್ಟನಡುವೆ ಎರಡಾಗಿ ಸೀಳಬಹುದು ಎಂಬ ಯೋಚನೆ ನೂರು ವರ್ಷಕ್ಕಿಂತ ಹಳೆಯದು. ಶಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಮೊದಲ ಎರಡು ವರ್ಷ ಸಾಮಾನ್ಯ ಶಿಕ್ಷಣ, ಮುಂದಿನದು ಉನ್ನತ ಅಧ್ಯಯನ ಎಂದು ಗೆರೆ ಎಳೆದವರು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಜೂನಿಯರ್ ಕಾಲೇಜು (ಕಮ್ಯೂನಿಟಿ ಕಾಲೇಜಿನ ಹಿಂದಿನ ಹೆಸರು) ಶುರುವಾದುದರ ಹಿಂದೆಯೂ ಅವರ ಒತ್ತಾಸೆ ಇತ್ತು. ಕ್ಯಾಲಿಫೋರ್ನಿಯಾ 1960ರ ಮಾಸ್ಟರ್ ಪ್ಲಾನ್‌ನಲ್ಲಿ ಈ ಗೆರೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಪಾಲಿನವರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಪಾಲಿನವರಿಗೆ ರಾಜ್ಯ ಕಾಲೇಜುಗಳು, ಕಮ್ಯೂನಿಟಿ ಕಾಲೇಜು ಎಲ್ಲರಿಗೂ. 2010ರ ಕಾಯ್ದೆಯೊಂದು ಟ್ರಾನ್ಸ್‌ಫರ್‌ಗೆಂದೇ ಒಂದು ಪದವಿ ತಂದಿತು. ಅರವತ್ತು ಯೂನಿಟ್ಟು ಕಮ್ಯೂನಿಟಿ ಕಾಲೇಜಿನಲ್ಲಿ, ಅರವತ್ತು ವಿಶ್ವವಿದ್ಯಾಲಯದಲ್ಲಿ. ಇತಿಹಾಸಕ್ಕೂ ಅಂಥ ಪದವಿ ಇದೆ.

ಈ ಟ್ರಾನ್ಸ್‌ಫರ್ ದಾರಿ ದೊಡ್ಡ ಸಾಧನೆ ಎಂದೇ ನಾನು ನಂಬುತ್ತೇನೆ. ಕಮ್ಯೂನಿಟಿ ಕಾಲೇಜಿನಲ್ಲಿ ಆ ರಾಜ್ಯದವರಿಗೆ ಒಂದು ಯೂನಿಟ್ಟಿಗೆ 46 ಡಾಲರ್. ಅರವತ್ತಕ್ಕೆ 2,760. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದೇ ವರ್ಷದ ಶುಲ್ಕ ಇದರ ಹಲವು ಪಟ್ಟು. ಇತಿಹಾಸದ ಮೇಲೆ ಅಷ್ಟು ಆಸೆಯಿದ್ದವರು ನೇರ ವಿಶ್ವವಿದ್ಯಾಲಯಕ್ಕೇ ಸೇರಲಿ ಎನ್ನುವವರು ಈ ಲೆಕ್ಕ ನೋಡಬೇಕು. ಹಗಲು ದುಡಿದು ಸಂಜೆ ಓದುವವರು, ಸೇನೆಯಿಂದ ಮರಳಿದವರು, ಮಕ್ಕಳನ್ನು ಸಾಕುತ್ತಿರುವವರು, ಹೊಸದಾಗಿ ಆ ದೇಶಕ್ಕೆ ಬಂದವರು ಇತಿಹಾಸಕಾರರಾಗುವುದು ಬೇಡವೆಂದರೆ ಇತಿಹಾಸಕ್ಕೇ ನಷ್ಟ. ಹಿಂದಿನವರು ಏನನ್ನು ದಾಖಲಿಸದೆ ಬಿಟ್ಟರು ಎಂಬುದು ದುಡಿದು ಬದುಕಿದವರ ಕಣ್ಣಿಗೆ ಬೇಗ ಬೀಳುತ್ತದೆ.

ಆದರೆ ಹಾರ್ಪರ್ ಎಳೆದ ಗೆರೆ ಇತಿಹಾಸಕ್ಕೆ ಒಗ್ಗುವುದಿಲ್ಲ. ಬೀಜಗಣಿತ ಒಂದು ಕಡೆ, ಕಲನಶಾಸ್ತ್ರ ಇನ್ನೊಂದು ಕಡೆ ಕಲಿಯಬಹುದು. ಒಂದರ ಮೇಲೊಂದು ಕೂರುತ್ತದೆ. ಇತಿಹಾಸದಲ್ಲಿ ಮೊದಲು ಮಾಹಿತಿ, ಆಮೇಲೆ ಪ್ರಶ್ನೆ ಎಂಬ ಮೆಟ್ಟಿಲಿಲ್ಲ. ಪ್ರಶ್ನೆಯಿಲ್ಲದೆ ಓದಿದ ಮಾಹಿತಿ ಪರೀಕ್ಷೆ ಮುಗಿದ ವಾರಕ್ಕೇ ಉದುರಿಹೋಗುತ್ತದೆ. ಟ್ರಾನ್ಸ್‌ಫರ್ ದಾರಿಯಾದರೋ ಈ ಮೆಟ್ಟಿಲನ್ನೇ ನಂಬಿ ನಿಂತಿದೆ. ಮೊದಲ ಎರಡು ವರ್ಷ ಆದಿಯಿಂದ 1877ರವರೆಗಿನ ಅಮೆರಿಕ, ಆಮೇಲಿನ ಅಮೆರಿಕ, ವಿಶ್ವ ಇತಿಹಾಸ ಹೀಗೆ ಶತಮಾನಗಳ ಮೇಲೆ ಹಾರಿಹೋಗುವ ಪಾಠಗಳು. ಮೂರನೇ ವರ್ಷಕ್ಕೆ ಕಾಲಿಟ್ಟ ಕೂಡಲೇ ಸೆಮಿನಾರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನಲ್ಲಾದರೆ ಪದವಿ ಮುಗಿಸಲು ಮೂಲ ಆಕರಗಳಿಂದ ಸ್ವಂತ ಸಂಶೋಧನಾ ಪ್ರಬಂಧವನ್ನೇ ಬರೆಯಬೇಕು. ನಾಲ್ಕು ವರ್ಷವೂ ಅಲ್ಲೇ ಇದ್ದವನಿಗೆ ಗ್ರಂಥಾಲಯವನ್ನು, ಪ್ರಾಧ್ಯಾಪಕರನ್ನು ಪರಿಚಯ ಮಾಡಿಕೊಂಡು, ಒಂದೆರಡು ಸಲ ಎಡವಿ ಏಳಲು ಪುರಸೊತ್ತಿದೆ. ಟ್ರಾನ್ಸ್‌ಫರ್ ಆಗಿ ಬಂದವಳ ಕೈಯಲ್ಲಿರುವುದು ನಾಲ್ಕೇ ಸೆಮಿಸ್ಟರು. ಲಾಸ್ ಏಂಜಲೀಸ್‌ನಂಥ ಕ್ಯಾಂಪಸ್‌ಗಳಲ್ಲಿ ಹತ್ತು ವಾರದ ಕ್ವಾರ್ಟರ್ ಪದ್ಧತಿ. ಕಟ್ಟಡಗಳ ದಾರಿ ಗೊತ್ತಾಗುವಷ್ಟರಲ್ಲಿ ಮೊದಲ ಪ್ರಬಂಧ ಒಪ್ಪಿಸುವ ದಿನ ಬಂದಿರುತ್ತದೆ.

ಹೀಗೆ ಬಂದವರ ಅಂಕಗಳು ಮೊದಲ ಅವಧಿಯಲ್ಲಿ ಕುಸಿಯುವುದನ್ನು ಸಂಶೋಧಕ ಜಾನ್ ಹಿಲ್ಸ್ 1965ರಲ್ಲೇ 'ಟ್ರಾನ್ಸ್‌ಫರ್ ಶಾಕ್' ಎಂದು ಕರೆದರು. ಹೆಸರು ಬಳಕೆಗೆ ಬಂತು, ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಬಂತು: ಹುಡುಗಿಯ ತಯಾರಿ ಸಾಲದು, ಕಮ್ಯೂನಿಟಿ ಕಾಲೇಜಿನ ಪಾಠ ಸಡಿಲ. ನನಗೆ ಹಾಗೆ ಕಾಣುವುದಿಲ್ಲ. ನಿನ್ನೆಯವರೆಗೆ 'ಏನಾಯಿತು' ಎಂದು ಕೇಳುತ್ತಿದ್ದವರು ಇಂದು 'ಅದು ನಿನಗೆ ಹೇಗೆ ಗೊತ್ತು' ಎಂದು ಕೇಳಿದರೆ ಯಾರಿಗಾದರೂ ಮಾತು ಕಟ್ಟುತ್ತದೆ. ಬದಲಾದದ್ದು ಪ್ರಶ್ನೆ, ಮಂಕಾಗಿ ಕಂಡದ್ದು ಅವಳು. ಕಮ್ಯೂನಿಟಿ ಕಾಲೇಜು ವಿದ್ಯಾರ್ಥಿಗಳ ಆಸೆಯನ್ನು ಮೆಲ್ಲಗೆ ತಣ್ಣಗಾಗಿಸುತ್ತದೆ ಎಂದು ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲಿ ಬರೆದರು. ಆದರೆ ಆಸೆ ಉಳಿಸಿಕೊಂಡು ದಾಟಿ ಬಂದವರನ್ನೂ ತಣ್ಣಗಾಗಿಸುವ ಶಕ್ತಿ ಆಚೆ ದಡಕ್ಕಿದೆ.

ಹಾಗಾದರೆ ಕಮ್ಯೂನಿಟಿ ಕಾಲೇಜಿನವರೇ ಸಂಶೋಧನೆಯ ರೀತಿ ಕಲಿಸಬಾರದೇ? ಐದೈದು ತರಗತಿಗಳ ಹೊರೆ ಹೊತ್ತ ಅಧ್ಯಾಪಕರು ಅಷ್ಟೂ ವಿದ್ಯಾರ್ಥಿಗಳ ಪ್ರಬಂಧಗಳನ್ನು ಸಾಲುಸಾಲಾಗಿ ತಿದ್ದುವುದು ಸುಲಭವಲ್ಲ ನಿಜ. ಅದಕ್ಕಿಂತ ದೊಡ್ಡ ತೊಡಕು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದದಲ್ಲಿದೆ. ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬ ಪಟ್ಟಿಗಳಿವೆ. ವಿದ್ಯಾರ್ಥಿಗಳು ಅವನ್ನು ಅಸಿಸ್ಟ್ ಎಂಬ ಜಾಲತಾಣದಲ್ಲಿ ನೋಡಿಕೊಂಡೇ ಪಾಠ ಆರಿಸುತ್ತಾರೆ. ಅಧ್ಯಾಪಕರೊಬ್ಬರು ಆಕರಗಳನ್ನು ಓದುವ ಹೊಸ ಪಾಠ ಶುರುಮಾಡಿ, ಅದು ಪಟ್ಟಿಯಲ್ಲಿ ಇಲ್ಲದೆ ಹೋದರೆ, ಯೂನಿಟ್ಟು ಯೂನಿಟ್ಟಿಗೂ ದುಡ್ಡು ಸಮಯ ಎಣಿಸುವ ಹುಡುಗಿ ಕೌನ್ಸೆಲರ್ ಮಾತು ಕೇಳಿ ಅದನ್ನು ಬಿಡುತ್ತಾಳೆ. ಅವಳನ್ನು ದೂರುವಂತಿಲ್ಲ. ಅಂಥ ಪಾಠವನ್ನು ಇತಿಹಾಸದ ಮೇಜರ್‌ಗೆ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ವಿಶ್ವವಿದ್ಯಾಲಯ ಮೊದಲು ಹೇಳಬೇಕು. ಬಾಗಿಲ ಚಿಲಕ ಇರುವುದು ಒಳಗಡೆ.

ಹೀಗೆ ನಡುವೆ ಬಂದು ಸೇರುವವರು ನಮ್ಮ ಕರ್ನಾಟಕದಲ್ಲೂ ಇದ್ದಾರೆ. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿ.ಇ. ಎರಡನೇ ವರ್ಷಕ್ಕೆ ಬರುತ್ತಾರೆ. ಮೊದಲ ವರ್ಷದ ಗಣಿತ ಅವರಿಗೆ ತಪ್ಪಿರುತ್ತದೆಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹೆಚ್ಚುವರಿ ಗಣಿತ ಇಟ್ಟಿತು. ಆ ಹೊರೆಯ ಬಗ್ಗೆ ವಿದ್ಯಾರ್ಥಿಗಳ ಗೊಣಗಾಟ ಏನೇ ಇರಲಿ, ನಡುವೆ ಸೇರಿದವನಿಗೆ ಏನು ತಪ್ಪಿದೆ ಎಂದು ವಿಶ್ವವಿದ್ಯಾಲಯ ಹೆಸರಿಟ್ಟು ಹೇಳಿತಲ್ಲ, ಅದು ಮುಖ್ಯ. ಇತಿಹಾಸದಲ್ಲಿ ತಪ್ಪಿಹೋದದ್ದಕ್ಕೆ ಅಷ್ಟು ಸ್ಪಷ್ಟ ಹೆಸರಿಲ್ಲ. ಒಂದು ಪತ್ರವನ್ನು ಅನುಮಾನಿಸುತ್ತ ಓದುವುದು, ಇಬ್ಬರು ಸಾಕ್ಷಿಗಳ ನಡುವೆ ತೂಗುವುದು, ಅಡಿಟಿಪ್ಪಣಿಯ ಜಾಡು ಹಿಡಿದು ಹೋಗುವುದು: ಇವು ಯಾವ ಅಂಕಪಟ್ಟಿಯಲ್ಲೂ ಕಾಣಿಸಿಕೊಳ್ಳದ ಕಾರಣ ಇಲ್ಲದಿರುವುದೂ ಗೊತ್ತಾಗುವುದಿಲ್ಲ. ಹಾಗಾಗಿ ಟ್ರಾನ್ಸ್‌ಫರ್ ಆಗಿ ಬಂದವರಿಗೆಂದೇ ಮೊದಲ ಅವಧಿಯಲ್ಲಿ ಹನ್ನೆರಡೋ ಹದಿನೈದೋ ಮಂದಿಯ ಒಂದು ಸಣ್ಣ ತರಗತಿ ಬೇಕು, ಅದಕ್ಕೆ ಪೂರ್ಣ ಯೂನಿಟ್ಟು ಸಿಗಬೇಕು. ಇದು ದಾನವಲ್ಲ, ಅವರಿಗೆ ಸಲ್ಲಬೇಕಾದ ಎರಡು ವರ್ಷಗಳ ಒಂದು ಪಾಲು.

ಅದಕ್ಕೂ ಮೊದಲೇ, ಡೆಲಾನೊದಲ್ಲೇ, ಶುರುಮಾಡಲು ಅಡ್ಡಿಯೇನಿದೆ? ಚಾವೆಜ್ ಅವರ ಕೂಲಿ ಸಂಘದ ಕಾಗದಪತ್ರಗಳು ಇರುವುದು ದೇಶದ ಇನ್ನೊಂದು ಮೂಲೆಯಲ್ಲಿ, ಡೆಟ್ರಾಯ್ಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಆದರೆ ಸಂಘದ ಪತ್ರಿಕೆ ಎಲ್ ಮಾಲ್‌ಕ್ರಿಯಾದೊದ ಹಳೆಯ ಸಂಚಿಕೆಗಳನ್ನು ಈಗ ಕೂತಲ್ಲೇ ಅಂತರ್ಜಾಲದಲ್ಲಿ ಓದಬಹುದು. ಮುಷ್ಕರದ ಮೊದಲ ವಾರಗಳ ಒಂದು ಸಂಚಿಕೆ, ಅದೇ ದಿನಗಳ ಊರ ಪತ್ರಿಕೆಯ ಒಂದು ಸುದ್ದಿ, ಅಜ್ಜಿ ನೆನಪಿನಿಂದ ಹೇಳಿದ ಮಾತು. ಮೊದಲು ಕೆಲಸ ನಿಲ್ಲಿಸಿದವರು ಯಾರು, ಯಾವ ತೋಟದಲ್ಲಿ, ಯಾಕೆ ಎಂಬುದರಲ್ಲಿ ಈ ಮೂರೂ ಒಂದೇ ಮಾತು ಹೇಳದಿದ್ದರೆ ಅವಳು ಯಾರನ್ನು ನಂಬುತ್ತಾಳೆ? ಬಹುಆಯ್ಕೆಯ ಪ್ರಶ್ನೆಪತ್ರಿಕೆಯ ಬದಲು ಇದನ್ನೇ ಕೊಟ್ಟು, ನಾಲ್ಕು ಪುಟ ಬರೆದು ತಾ ಎನ್ನಬಹುದು.